ಐವತ್ತಾರನೆಯ ಭಾಗಾಕಾರ

ಗಣಿತ ಶಿಕ್ಷಕರಾಗಿ ಹೊಸದಾಗಿ ಕೆಲಸಕ್ಕೆ ಸೇರುತ್ತಿರುವವರಿಗಾಗಿ ನನ್ನ ಅನುಭವವನ್ನು ಬರೆದುಕೊಡಬೇಕೆಂದು ತಾಲ್ಲೂಕಿನ ಕೆಲವು ಶಿಕ್ಷಕರು ಮನೆಗೆ ಬಂದು ಕೇಳಿದರು. ಅವರು ತಂದಿದ್ದ ಪತ್ರದಲ್ಲಿ ನನ್ನ ಹೆಸರಿನ ಹಿಂದಿನ ಎರಡು ಇನಿಷಿಯಲ್‌ಗಳು ಅದಲುಬದಲಾಗಿದ್ದವು. ಅದನ್ನು ಅವರೆದುರಿಗೇ ಕೆಂಪು ಶಾಯಿಯಿಂದ ತಿದ್ದಿ, ತಿದ್ದಿದ್ದಕ್ಕೆ ಅವರ ಸಹಿ ಹಾಕಿಸಿಕೊಂಡು, ಆಮೇಲೆಯೇ ಒಪ್ಪಿಗೆ ಕೊಟ್ಟೆ. ಎರಡು ಗುರುತುಗಳು ಜಾಗ ಬದಲಿಸಿಕೊಂಡರೆ ಏನೇನು ಅನಾಹುತವಾಗುತ್ತದೆ ಎಂಬುದು ನನ್ನಷ್ಟು ಚೆನ್ನಾಗಿ ಈ ಜಿಲ್ಲೆಯಲ್ಲಿ ಯಾರಿಗೂ ಗೊತ್ತಿರಲಾರದು. ಈ ಬರಹವನ್ನು ಕೊನೆಯವರೆಗೆ ಓದಿದರೆ ಕಾರಣ ತಿಳಿಯುತ್ತದೆ.

ಬಡ್ತಿ, ಸನ್ಮಾನ, ಪ್ರಶಸ್ತಿ ಪತ್ರಗಳ ವಿಷಯವನ್ನು ನಾನು ಬರೆಯುವುದಿಲ್ಲ. ಅವೆಲ್ಲ ಸೇವಾ ಪುಸ್ತಕದಲ್ಲಿವೆ, ಅಲ್ಲಿಯೇ ಇರಲಿ. ಸೇವಾ ಪುಸ್ತಕದಲ್ಲಿ ಇಲ್ಲದಿರುವುದನ್ನು ಬರೆಯುತ್ತೇನೆ.

ನಾನು ಕೆಲಸ ಮಾಡಿದ್ದು ಮೂರು ಊರುಗಳಲ್ಲಿ: ಮೊದಲು ದೇವದುರ್ಗ, ನಡುವೆ ರಾಯಚೂರು, ಕೊನೆಗೆ ಮಾನ್ವಿ. ಮೂರನ್ನೂ ನಾನು ನೆನಪಿಟ್ಟುಕೊಂಡಿರುವುದು ಅಂಚೆಯ ಪಿನ್ ಸಂಖ್ಯೆಗಳಿಂದ. ಇದು ವಯಸ್ಸಾದವನ ಹುಚ್ಚು ಎಂದು ನಗಬೇಡಿ. ಪಠ್ಯಪುಸ್ತಕ ಮೂವತ್ತಾರನ್ನು ಒಡೆಯಿರಿ, ನಲವತ್ತೆಂಟನ್ನು ಒಡೆಯಿರಿ ಎನ್ನುತ್ತದೆ. ಮಕ್ಕಳು ಆಕಳಿಸುತ್ತಾರೆ. ಅದೇ ಮಕ್ಕಳಿಗೆ ತಮ್ಮ ಊರಿನ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದುಕೊಟ್ಟರೆ ಬೆನ್ನು ನೆಟ್ಟಗಾಗುತ್ತದೆ. ಸಂಖ್ಯೆ ದೊಡ್ಡದಾಗಿರಬೇಕು ಮತ್ತು ತಮ್ಮದಾಗಿರಬೇಕು. ನನ್ನ ಬೋಧನಾ ವಿಧಾನ ಇಷ್ಟೇ.

ದೇವದುರ್ಗದಲ್ಲಿ ಒಂದು ಬೆಳಿಗ್ಗೆ ಎಂಟನೆಯ ತರಗತಿಗೆ ಅವಿಭಾಜ್ಯ ಸಂಖ್ಯೆಗಳ ಪಾಠ ಮಾಡುತ್ತಿದ್ದೆ. ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ, ಬೇರೆ ಯಾರ ಕೈಗೂ ಸಿಕ್ಕದ ಸಂಖ್ಯೆಗಳು ಇವು. ಮೇಜಿನ ಮೇಲೆ ಪಕ್ಕದ ಗೂಗಲ್ ಹಳ್ಳಿಯಿಂದ ಬಂದ ಒಂದು ಪೋಸ್ಟ್ ಕಾರ್ಡ್ ಇತ್ತು. ಅದರ ಮೇಲಿದ್ದ ದೇವದುರ್ಗದ 584111 ಅನ್ನು ಹಲಗೆಗೆ ಏರಿಸಿದೆ. ಆ ಹೊತ್ತಿಗೆ ಸರಿಯಾಗಿ ವಿಷಯ ಪರಿವೀಕ್ಷಕರ ಜೀಪು ಬಂದು ನಿಂತಿತು. ಸಾಹೇಬರ ಹೆಸರನ್ನು ನಾನು ಬರೆಯುವುದಿಲ್ಲ, ಬರೆದರೆ ಅವರಿಗೆ ಸಂತೋಷವಾದೀತು. ಮುಖ್ಯೋಪಾಧ್ಯಾಯರ ಕೋಣೆಯಿಂದ ಕುರ್ಚಿ ತರಿಸಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತ ಅವರು ಎರಡು ನಿಮಿಷದಲ್ಲಿ ಬೇಸತ್ತರು.

"ಅದು ಅವಿಭಾಜ್ಯ ಅದ, ಮುಂದಕ್ಕ ಹೋಗ್ರಿ ಮಾಸ್ತರ. ಮೂರು ಒಂದು ಸಾಲಾಗಿ ನಿಂತಾವಲ್ಲ, ಅದನ್ನ ಯಾರು ಒಡೀತಾರ?"

"ಸಾಹೇಬ್ರ, ಒಂದು ಬಿಟ್ಟು ಒಂದು ಅಂಕಿ ಕೂಡಿಸಿ ನೋಡೋಣ್ರಿ. ಐದು, ನಾಲ್ಕು, ಒಂದು, ಹತ್ತಾತು. ಎಂಟು, ಒಂದು, ಒಂದು, ಅದೂ ಹತ್ತು. ಎರಡೂ ಸಮ ಬಂದ್ರ ಹನ್ನೊಂದರಿಂದ ಭಾಗ…"

"ಹೋಗತದ್ರೀ!" ಎಂದು ನಲವತ್ತು ಮಕ್ಕಳು ಒಂದೇ ಬಾಯಿಯಲ್ಲಿ ಕೂಗಿದರು.

ಮಕ್ಕಳು ಕೂಗಿದ್ದು ಪಾಠ ಅರ್ಥವಾದ ಸಂತೋಷಕ್ಕೆ. ಸಾಹೇಬರಿಗೆ ಅದು ಬೇರೆ ರೀತಿ ಕೇಳಿಸಿತು. ಹನ್ನೊಂದು ಮತ್ತು ಐವತ್ತಮೂರು ಸಾವಿರದ ನೂರಾ ಒಂದು ಎಂದು ಅಪವರ್ತನಗಳನ್ನು ನಾನು ಬರೆದು ಮುಗಿಸುವ ಮೊದಲೇ ಅವರು ಎದ್ದರು. ಅವರಿಗಾಗಿ ತರಿಸಿದ್ದ ಚಹಾವನ್ನು ಕುಡಿಯಲಿಲ್ಲ. ತಪಾಸಣಾ ವಹಿಯಲ್ಲಿ ಮಾತ್ರ ಹೀಗೆ ಬರೆದು ಹೋದರು: "ಶಿಕ್ಷಕರು ಶ್ರಮಜೀವಿಗಳು. ಆದರೆ ಆತುರ ಹೆಚ್ಚು. ತಾಳೆ ನೋಡುವ ಅಭ್ಯಾಸ ಬೆಳೆಸಿಕೊಳ್ಳತಕ್ಕದ್ದು."

ಪುಟ ಸಂಖ್ಯೆ ನಲವತ್ತೊಂದು. ಅದನ್ನು ನನ್ನ ಡೈರಿಯಲ್ಲಿ ಅವರ ಹೆಸರಿನ ಸಮೇತ ಅಕ್ಷರಶಃ ನಕಲು ಮಾಡಿಕೊಂಡೆ. ಪ್ರತಿ ವರ್ಷ ಹೊಸ ಡೈರಿ ಬಂದಾಗ ಮೊದಲ ಪುಟಕ್ಕೆ ಮತ್ತೆ ನಕಲು ಮಾಡಿದೆ. ನನಗೆ ಆತುರವಂತೆ! ಚಪ್ಪಲಿ ಬಿಟ್ಟ ಮೇಲೆ ಎರಡೂ ಒಂದೇ ಗೆರೆಯಲ್ಲಿವೆಯೇ ಎಂದು ತಿರುಗಿ ನೋಡುವವನು ನಾನು.

ಆ ದಿನದಿಂದ ನಾನು ತಾಳೆ ನೋಡದೆ ಬಿಟ್ಟ ಲೆಕ್ಕವಿಲ್ಲ. ನನಗೆ ಪ್ರಿಯವಾದದ್ದು ನಮ್ಮ ಹಳೆಯ ಗುರುಗಳು ಕಲಿಸಿದ ಒಂಬತ್ತರ ತಾಳೆ. ಸಂಖ್ಯೆಯ ಅಂಕಿಗಳನ್ನು ಕೂಡುತ್ತ ಕೂಡುತ್ತ ಒಂದಂಕಿಗೆ ಇಳಿಸಬೇಕು. ಭಾಜಕವನ್ನೂ ಭಾಗಲಬ್ಧವನ್ನೂ ಹಾಗೆಯೇ ಇಳಿಸಿ ಗುಣಿಸಿ, ಶೇಷವನ್ನು ಸೇರಿಸಿ ಮತ್ತೆ ಇಳಿಸಬೇಕು. ಮೊದಲಿನ ಅಂಕಿಯೇ ಬಂದರೆ ಲೆಕ್ಕ ಸರಿ. ಈ ತಾಳೆಗೆ ಒಂದು ಕುರುಡಿದೆ. ಇಪ್ಪತ್ತಾರನ್ನು ಅರವತ್ತೆರಡು ಎಂದು ಬರೆದರೆ, ಅಂದರೆ ಅಂಕಿಗಳು ಜಾಗ ಬದಲಿಸಿದರೆ, ಮೊತ್ತ ಬದಲಾಗುವುದಿಲ್ಲ. ತಾಳೆ ಸುಮ್ಮನೆ ತಲೆಯಾಡಿಸುತ್ತದೆ. ಇದನ್ನು ನಾನು ಪ್ರತಿ ವರ್ಷ ಪ್ರತಿ ತರಗತಿಗೂ ಎಚ್ಚರಿಸಿದ್ದೇನೆ. ನನ್ನ ಶಿಷ್ಯರು ಯಾರನ್ನು ಬೇಕಾದರೂ ಕೇಳಿ.

ರಾಯಚೂರಿನ ವಿಷಯವನ್ನು ಬೇಗ ಮುಗಿಸುತ್ತೇನೆ, ಅಲ್ಲಿಯ ಮುಖ್ಯೋಪಾಧ್ಯಾಯರೂ ನನ್ನನ್ನು ಹಾಗೆಯೇ ಮುಗಿಸಿದರು. ಬೆಳಗಿನ ಪ್ರಾರ್ಥನೆಯಲ್ಲಿ ದಿನಕ್ಕೊಂದು ಜ್ಞಾನದ ಮಾತು ಹೇಳುವ ಸರದಿ ನನ್ನದಾಗಿತ್ತು. ನಗರದ 584101 ಏಳರಿಂದ ಭಾಗವಾಗುತ್ತದೆ, ಉಳಿಯುವ ಎಂಬತ್ತಮೂರು ಸಾವಿರದ ನಾನೂರ ನಲವತ್ತಮೂರು ಅವಿಭಾಜ್ಯ ಎಂದು ಹೇಳಿದೆ. ಮುಖ್ಯೋಪಾಧ್ಯಾಯರು ಕೋಣೆಗೆ ಕರೆದರು.

"ಜಿಲ್ಲಾ ಕಚೇರಿ ಇರೋ ಊರ್ರಿ ಇದು. ಏಳಕ್ಕ ಒಡೀತದ ಅಂತ ಪ್ರಾರ್ಥನಾದಾಗ ಹೇಳಿದ್ರ ಹೆಂಗ? ಛಲೋ ಮಾತು ಏನರ ಹೇಳ್ರಿ."

"ಸರ್, ಗಣಿತದಾಗ ಛಲೋ ಮಾತು, ಕೆಟ್ಟ ಮಾತು ಅಂತ ಇರೂದಿಲ್ರಿ."

ಮರುದಿನದಿಂದ ನನ್ನ ಕೈಗೆ ಮಕ್ಕಳ ವಿವರಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ ಬಂತು. ಆ ಶಾಲೆಯಲ್ಲಿ ನಾನು ಲಾಗರಿತಮ್ ಕೋಷ್ಟಕದ ಪುಸ್ತಕ ಹೋಗಿ ಕ್ಯಾಲ್ಕುಲೇಟರ್ ಬಂದದ್ದನ್ನು ನೋಡಿದೆ, ಆಮೇಲೆ ಗೋಡೆಯಷ್ಟು ದೊಡ್ಡ ಟಿ.ವಿ. ಬಂದದ್ದನ್ನೂ ನೋಡಿದೆ. ಟಿ.ವಿ.ಯ ರಿಮೋಟ್ ಮುಖ್ಯೋಪಾಧ್ಯಾಯರ ಬೀರುವಿನಲ್ಲಿತ್ತು, ಬೀರುವಿನ ಕೀಲಿ ಅವರ ಮನೆಯಲ್ಲಿತ್ತು. ಬೋಧನಾ ಕ್ರಮದ ಆಧುನೀಕರಣದ ಬಗ್ಗೆ ನನಗೆ ಗೊತ್ತಿರುವುದು ಇಷ್ಟು.

ಮಾನ್ವಿಗೆ ಬಂದ ಮೊದಲ ವಾರವೇ 584123 ಅನ್ನು ಹಲಗೆಗೆ ಏರಿಸಿದೆ. ಮಕ್ಕಳು ಮೂರರಿಂದ ನೋಡಿದರು, ಏಳರಿಂದ ನೋಡಿದರು, ಹನ್ನೊಂದು, ಹದಿಮೂರು, ಹದಿನೇಳರಿಂದ ನೋಡಿದರು. ಅದು ಜಗ್ಗಲಿಲ್ಲ. ದೇವದುರ್ಗದ ಸಂಖ್ಯೆ ಒಂದು ನಿಮಿಷದಲ್ಲಿ ಬಿದ್ದಿತ್ತು, ರಾಯಚೂರಿನದು ಅರ್ಧ ನಿಮಿಷದಲ್ಲಿ. ಇದು ಒಂದು ವಾರ ಎದುರು ನಿಂತಿತು. ನನ್ನ ವೃತ್ತಿಯಲ್ಲಿ ನನ್ನನ್ನು ಎದುರಿಸಿ ನಿಂತವರು ಹಲವರಿದ್ದಾರೆ. ಗೌರವಕ್ಕೆ ಅರ್ಹವಾಗಿದ್ದದ್ದು ಇದೊಂದೇ ಎನಿಸಿತು.

ಒಂದು ಸಂಖ್ಯೆ ಅವಿಭಾಜ್ಯವೆಂದು ಸಾಧಿಸಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಇದಕ್ಕೆ ಏಳುನೂರ ಅರವತ್ತನಾಲ್ಕರವರೆಗೆ ಹೋಗಬೇಕು. ಆ ದಾರಿಯಲ್ಲಿ ನೂರ ಮೂವತ್ತೈದು ಅವಿಭಾಜ್ಯಗಳಿವೆ. ದಸರಾ ರಜೆಯಲ್ಲಿ ಎರಡು ಗೆರೆಯ ನೋಟುಪುಸ್ತಕ ಹಿಡಿದು ಕುಳಿತೆ. ಒಂದು ಪುಟಕ್ಕೆ ಒಂದು ಭಾಗಾಕಾರ, ಅದರ ಕೆಳಗೆ ಒಂಬತ್ತರ ತಾಳೆ, ಅದರ ಪಕ್ಕದಲ್ಲಿ ಕೆಂಪು ಟಿಕ್. ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. ಮುಟ್ಟಿದ್ದರೆ ಸಾಹೇಬರ ಮಾತಿಗೆ ಉತ್ತರ ಕೊಟ್ಟಂತಾಗುತ್ತಿರಲಿಲ್ಲ. ನೂರ ಮೂವತ್ತೈದೂ ಮುಗಿದವು, ಎಲ್ಲದಕ್ಕೂ ಶೇಷ ಉಳಿಯಿತು. ಮಾನ್ವಿ ಅವಿಭಾಜ್ಯ!

ಅದೇ ಹೊತ್ತಿಗೆ ಶಾಲೆಯ ಗೋಡೆಗಳಿಗೆ ಬಣ್ಣ ಹೊಡೆಸಿ ಜ್ಞಾನದ ಮಾತುಗಳನ್ನು ಬರೆಸುವ ಕೆಲಸ ನಡೆದಿತ್ತು. ಬಣ್ಣದ ಡಬ್ಬಿ ಕೊಟ್ಟವರ ಹೆಸರನ್ನು ಕೆಳಗೆ ಬರೆಯುವುದು ನಮ್ಮ ಕಡೆಯ ಪದ್ಧತಿ. ನಾನು ಡಬ್ಬಿ ಕೊಟ್ಟೆ. ಪೇಂಟರ್ ಮಹಿಬೂಬ ಮೊಳದುದ್ದದ ಅಂಕಿಗಳಲ್ಲಿ ಬರೆದ: "ನಮ್ಮ ಮಾನ್ವಿ 584123. ಇದು ಅವಿಭಾಜ್ಯ ಸಂಖ್ಯೆ. ಭಾಗಿಸಿ ತೋರಿಸಿದವರಿಗೆ ನನ್ನ ಕೈಗಡಿಯಾರ. ಅಮರೇಶಪ್ಪ, ಗಣಿತ ಶಿಕ್ಷಕರು." ಗಡಿಯಾರ ಮದುವೆಯಲ್ಲಿ ಮಾವನವರು ಕೊಟ್ಟದ್ದು.

"ಮಾಸ್ತರ್ರೀ, ಯಾರರ ಭಾಗ್ಸಿದ್ರ?" ಎಂದು ಮಹಿಬೂಬ ಏಣಿಯ ಮೇಲಿಂದ ಕೇಳಿದ.

"ಗೋಡಿ ಬಿದ್ರೂ ಭಾಗ ಹೋಗೂದಿಲ್ಲ. ನೀ ಬರಿ."

ಊರಿಗೆ ಈ ಮಾತು ಎಷ್ಟು ಹಿಡಿಸೀತೆಂದು ನಾನು ಊಹಿಸಿರಲಿಲ್ಲ. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಚನ್ನಬಸಪ್ಪನವರದು ಅಕ್ಕಿ ಗಿರಣಿ. ಅವರು ಗೋಡೆಯನ್ನು ಓದಿ ನನ್ನ ಹತ್ತಿರ ಬಂದರು.

"ಸರ್, ರಾಯಚೂರಿಂದು ಏನಾಗತದ್ರಿ?"

"ಏಳಕ್ಕ ಒಡೀತದ್ರಿ."

"ದೇವದುರ್ಗದ್ದು?"

"ಹನ್ನೊಂದಕ್ಕ."

"ನಮ್ದು?"

"ಯಾವುದಕ್ಕೂ ಇಲ್ರಿ."

ಅವರು ಮೀಸೆ ಮುಟ್ಟಿಕೊಂಡರು. ಮುಂದಿನ ಸುಗ್ಗಿಗೆ ಅವರ ಗಿರಣಿಯ ಅಕ್ಕಿಚೀಲಗಳ ಮೇಲೆ ತೆನೆಯ ಚಿತ್ರದ ಕೆಳಗೆ "584123, ಯಾರಿಂದಲೂ ಒಡೆಯದು" ಎಂದು ಅಚ್ಚಾಗಿ ಬಂತು. ಸಂತೆಯಲ್ಲಿ ಜನ ನನಗೆ ದಾರಿ ಬಿಡತೊಡಗಿದರು.

ಈ ಗೌರವ ಕಂಡು ಹೊಟ್ಟೆ ಉರಿದವರು ಒಬ್ಬರೇ, ನಮ್ಮ ಶಾಲೆಯ ಪಿ.ಟಿ. ಸರ್ ಹನುಮಂತ. ಆಗ ನಾನು ಹಾಗೆಂದು ತಿಳಿದಿದ್ದೆ. ಈ ಮನುಷ್ಯ ಕಬಡ್ಡಿಯ ಹೆಸರಿನಲ್ಲಿ ನನ್ನ ಇಪ್ಪತ್ತಮೂರು ಶನಿವಾರದ ಪೀರಿಯಡ್‌ಗಳನ್ನು ಒಯ್ದಿದ್ದರು. ಪಟ್ಟಿ ನನ್ನ ಬಳಿ ಇದೆ. ಆದರೆ ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಅವರು ಮಾಡಿದ ಕೆಲಸಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ಒಂದು ಬೆಳಿಗ್ಗೆ ಶಾಲೆಗೆ ಬಂದು ನೋಡುತ್ತೇನೆ, ಚೆಂಡು, ಬಲೆ, ಡಂಬೆಲ್ಸ್ ತುಂಬಿದ ಕಬ್ಬಿಣದ ಬೀರು ನನ್ನ ಗೋಡೆಗೆ ಒತ್ತಿ ನಿಂತಿದೆ! ಸಂಖ್ಯೆಯೂ ಕಾಣುವುದಿಲ್ಲ, ಸವಾಲೂ ಕಾಣುವುದಿಲ್ಲ. ಬೀರುವಿನ ಕೆಳಗಿನಿಂದ ನನ್ನ ಹೆಸರಿನ ಕೊನೆಯ "ಪ್ಪ" ಮಾತ್ರ ಇಣುಕುತ್ತಿದೆ.

"ಇದೇನ್ರಿ ಹನುಮಂತ ಸರ್?"

"ಅಲ್ಲಿ ಮಳಿ ನೀರು ಸೋರ್ತಿತ್ರಿ ಸರ್, ಸಾಮಾನು ತುಕ್ಕು ಹಿಡೀತಾವ."

ಮಾನ್ವಿಯಲ್ಲಿ ಮಳೆ! ನಾನು ಮುಖ್ಯೋಪಾಧ್ಯಾಯರಿಗೆ ಲಿಖಿತ ದೂರು ಕೊಟ್ಟೆ. ಆರು ತಿಂಗಳಿಗೆ ಎರಡನೆಯದು, ಮತ್ತೆ ಆರು ತಿಂಗಳಿಗೆ ಮೂರನೆಯದು. ಮೂರನೆಯದರಲ್ಲಿ "ಗಣಿತಶಾಸ್ತ್ರಕ್ಕೆ ಎಸಗಿದ ಅಪಚಾರ" ಎಂಬ ಮಾತನ್ನು ಬಳಸಿದ್ದೇನೆ. ಮುಖ್ಯೋಪಾಧ್ಯಾಯರು ಮೂರನ್ನೂ ಕಡತಕ್ಕೆ ಸೇರಿಸಿದರು. ಬೀರು ಅಲ್ಲಾಡಲಿಲ್ಲ.

ನನ್ನ ಬೀಳ್ಕೊಡುಗೆಯ ಹಿಂದಿನ ದಿನ ಚನ್ನಬಸಪ್ಪನವರು ಎರಡು ಸುದ್ದಿ ತಂದರು. ಒಂದು, ಸಂಖ್ಯೆಯನ್ನು ಹಿತ್ತಾಳೆಯ ಫಲಕದ ಮೇಲೆ ಕೆತ್ತಿಸಿ ನನಗೆ ಕೊಡುತ್ತಾರೆ. ಎರಡು, ಮುಖ್ಯ ಅತಿಥಿಯಾಗಿ, ಎಂಬತ್ತು ದಾಟಿ ರಾಯಚೂರಿನಲ್ಲಿ ನೆಲೆಸಿರುವ ಆ ಹಳೆಯ ಪರಿವೀಕ್ಷಕ ಸಾಹೇಬರೇ ಬರುತ್ತಾರೆ. "ನಿಮ್ಮ ಡೈರಿ ಮೊದಲ ಪುಟದಾಗ ಅವ್ರ ಹೆಸ್ರು ನೋಡಿದ್ನಿರಿ. ಭಾರಿ ಭಕ್ತಿ ಇರಬೇಕು ಅನಸ್ತು, ಅದಕ್ಕ ಕರಸೀನಿ" ಎಂದರು. ನಾನು ಒಳಗೊಳಗೆ ಹಿಗ್ಗಿದೆ. ತಾಳೆ ನೋಡತಕ್ಕದ್ದು ಎಂದವರ ಕಣ್ಣ ಮುಂದೆ ನೂರ ಮೂವತ್ತೈದು ತಾಳೆಗಳ ಫಲ ಹೊಳೆಯಲಿ! ಆದರೆ ಅದಕ್ಕೆ ಗೋಡೆ ಕಾಣಬೇಕು. ಮಧ್ಯಾಹ್ನದ ಊಟದ ನಂತರ ನಾನೇ ಹೋಗಿ ಬೀರುವಿಗೆ ಭುಜ ಕೊಟ್ಟೆ. ಹನುಮಂತ ಓಡಿ ಬಂದರು.

"ಸರ್, ಬೀರು ಅಲ್ಲೇ ಇರ್ಲಿ ಬಿಡ್ರಿ."

"ಯಾಕಿರ್ಬೇಕು?"

ಅವರು ಆಚೀಚೆ ನೋಡಿ ದನಿ ಇಳಿಸಿದರು. "ಎರಡನೂರಾ ಅರವತ್ಮೂರರಿಂದ ಭಾಗ ಹೋಗತದ್ರಿ ಸರ್."

"ಯಾವುದು?"

"ಮಾನ್ವಿ."

ನನಗೆ ಮೊದಲು ಬಂದದ್ದು ನಗೆ. "ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ನಿಮ್ಮ ಗಡಿಯಾರದ ಮ್ಯಾಲ ಆಸಿ ಇತ್ರಿ ನನಗ. ರಾಯಚೂರು ಬಸ್ಸಿಗೆ ದಿನಾ ಅರ್ಧ ತಾಸು ಕಾಯ್ತೀನಲ್ರಿ, ಮೊಬೈಲ್‌ನ್ಯಾಗ ಭಾಗಿಸ್ತಾ ಹೋದೆ. ಎರಡು, ಮೂರು, ನಾಲ್ಕು, ಐದು, ಆರು…"

"ನಾಲ್ಕರಿಂದ್ಲೂ ಭಾಗಿಸಿದ್ರಾ? ಎರಡರಿಂದ ಹೋಗದ್ದು ನಾಲ್ಕರಿಂದ ಹೆಂಗ ಹೋಗತದ್ರಿ? ಏನು ವಿಧಾನರಿ ಇದು!"

"ಎರಡರ ಕೂಡ ಆಗಲಾರದ್ದು ನಾಲ್ಕರ ಕೂಡ ಆದ್ರೂ ಆಗಬಹುದು ಅಂತ ನೋಡಿದ್ನಿರಿ" ಎಂದರು ಹನುಮಂತ ಸಂಕೋಚದಿಂದ. "ಎರಡನೂರಾ ಅರವತ್ಮೂರಕ್ಕ ಬಂದಾಗ ಚುಕ್ಕಿ ಇಲ್ದ ಉತ್ತರ ಬಂತ್ರಿ. ಎರಡು ಸಾವಿರದ ಎರಡನೂರಾ ಇಪ್ಪತ್ತೊಂದು."

"ಮತ್ತ ಗಡಿಯಾರ ಯಾಕ ಕೇಳ್ಲಿಲ್ಲ?"

"ಕೇಳಾಕ ಬಂದಿದ್ನಿರಿ. ನೀವು ಗೋಡಿ ಮುಂದ ನಿಂತು, ನಿಮ್ಮ ಟವೆಲ್ಲಿಂದ ಆ ನಂಬರಿನ ಮ್ಯಾಲಿನ ಧೂಳ ಒರಸಾಕತ್ತಿದ್ರಿ. ಬಾಯಿ ಬರ್ಲಿಲ್ಲ. ಕೆಳಗ ನಿಮ್ಮ ಹೆಸ್ರು ಅದಲ್ರಿ ಸರ್. ನಾಳೆ ಯಾವನರ ಬಂದು ಒಡೆದು ತೋರ್ಸಿದ್ರ? ಅದಕ್ಕ ಬೀರು ಸರಸಿದೆ."

ನಾನು ಸಿಬ್ಬಂದಿ ಕೋಣೆಗೆ ಹೋಗಿ ನೋಟುಪುಸ್ತಕ ತೆಗೆದೆ. ಐವತ್ತಾರನೆಯ ಪುಟ, ಎರಡು ನೂರ ಅರವತ್ತಮೂರು. ಐನೂರ ಐವತ್ತೆರಡರಲ್ಲಿ ಐನೂರ ಇಪ್ಪತ್ತಾರು ಕಳೆದರೆ ಇಪ್ಪತ್ತಾರು. ನಾನು ಬರೆದಿದ್ದದ್ದು ಅರವತ್ತೆರಡು. ಅಲ್ಲಿಂದ ಮುಂದೆ ಎಲ್ಲವೂ ಶುದ್ಧ, ಶೇಷ ತೊಂಬತ್ತೇಳು. ಕೆಳಗೆ ಒಂಬತ್ತರ ತಾಳೆ: ಈ ಕಡೆ ಐದು, ಆ ಕಡೆ ಐದು. ಪಕ್ಕದಲ್ಲಿ ಕೆಂಪು ಟಿಕ್. ಉಳಿದ ಟಿಕ್‌ಗಳಿಗಿಂತ ಇದೇ ಸ್ವಲ್ಪ ದೊಡ್ಡದಾಗಿದೆ.

ಹಿಂದೆಯೇ ಬಂದಿದ್ದ ಹನುಮಂತ ಹೇಳಿದರು: "ನಾ ಯಾರಿಗೂ ಹೇಳೂದಿಲ್ರಿ. ಆ ಬೀರು ಭಾರಿ ಭಾರ ಅದ, ಇನ್ನ ಹತ್ತು ವರ್ಷ ಯಾರೂ ಸರಸೂದಿಲ್ಲ."

ಆ ಸಂಜೆ ಡೈರಿಯ ಮೊದಲ ಪುಟವನ್ನು ಬಹಳ ಹೊತ್ತು ನೋಡುತ್ತ ಕುಳಿತೆ. ಸುಮ್ಮನಿದ್ದರೆ ಹಿತ್ತಾಳೆಯ ಫಲಕ ಬರುತ್ತದೆ, ಸಾಹೇಬರ ಮಾತು ಸುಳ್ಳಾಗಿ ಉಳಿಯುತ್ತದೆ. ಬಾಯಿಬಿಟ್ಟರೆ ಅವರ ಮೂರು ವಾಕ್ಯಗಳೂ ನನ್ನ ಬಾಯಿಂದಲೇ, ಅವರ ಎದುರಿಗೇ, ಇಡೀ ಊರಿನ ಮುಂದೆ ನಿಜವಾಗುತ್ತವೆ. ಇಷ್ಟು ವರ್ಷ ಜೋಪಾನ ಮಾಡಿದ ಸಿಟ್ಟನ್ನು ಒಂದು ಭಾಗಾಕಾರಕ್ಕೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಆದರೆ ನಾನು ಎಷ್ಟೋ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಇದೇ ತಪ್ಪಿಗೆ ಸೊನ್ನೆ ಸುತ್ತಿದ್ದೆ. ಅವರಲ್ಲಿ ಯಾರಿಗೂ ಅಡ್ಡ ಇಡಲು ಬೀರು ಇರಲಿಲ್ಲ.

ಮರುದಿನ ಹಾರ, ಶಾಲು, ಭಾಷಣಗಳಾದ ಮೇಲೆ ನನ್ನ ಸರದಿ ಬಂತು. ವೇದಿಕೆಗೆ ಹಲಗೆ ತರಿಸಿದೆ. 584123 ಬರೆದು, ಎರಡು ನೂರ ಅರವತ್ತಮೂರರಿಂದ ಭಾಗಿಸಿದೆ, ಈ ಸಲ ಇಪ್ಪತ್ತಾರನ್ನು ಇಪ್ಪತ್ತಾರೆಂದೇ ಬರೆದೆ. ಕೊನೆಗೆ ಸೊನ್ನೆ ಉಳಿಯಿತು. "ಮಾನ್ವಿ ಒಡೆಯುತ್ತದೆ. ಗೋಡೆಯ ಮೇಲಿನದು ನನ್ನ ತಪ್ಪು" ಎಂದು ಹೇಳಿ ಸುಣ್ಣದ ಕಡ್ಡಿ ಕೆಳಗಿಟ್ಟೆ.

ಮೊದಲು ಚನ್ನಬಸಪ್ಪನವರು ಎದ್ದರು, ಅವರ ಕೈಯಲ್ಲಿ ಫಲಕವಿತ್ತು.

"ಸರ್, ಎಷ್ಟು ಹೋಳು ಆತ್ರಿ?"

"ಎರಡ್ರಿ. ಇನ್ನ ಅವೆರಡೂ ಒಡೆಯೂದಿಲ್ಲ."

"ರಾಯಚೂರಿಂದು?"

"ಅದೂ ಎರಡ. ದೇವದುರ್ಗದ್ದೂ ಎರಡ. ಎರಡು ಅವಿಭಾಜ್ಯ ಗುಣಿಸಿ ಆದ ಸಂಖ್ಯೆ ಅಂತಾರ. ಮೂರೂ ಊರು ಒಂದ ವರ್ಗಕ್ಕ ಸೇರತಾವ್ರಿ."

"ಅಂದ್ರ ನಾವೂ ರಾಯಚೂರಿನವ್ರಂಗ ಆದ್ವಿ ಅನ್ರಿ!" ಎಂದರು ಬಹಳ ನೊಂದುಕೊಂಡು. ಸ್ವಲ್ಪ ಯೋಚಿಸಿದರು. "ಅವ್ರು ಏಳಕ್ಕ ಒಡೀತಾರ. ನಮ್ಮನ್ನ ಒಡೀಬೇಕಂದ್ರ ಎರಡನೂರಾ ಅರವತ್ಮೂರರ ತನಕ ಬರಬೇಕು. ಹೌದಿಲ್ರಿ?"

"ಹೌದ್ರಿ."

"ಆತಾತು. ಚೀಲದ ಮ್ಯಾಲ 'ಸುಲಭಕ್ಕ ಒಡೆಯದು' ಅಂತ ಹಾಕಸ್ತೀನಿ." ಸಭೆ ಚಪ್ಪಾಳೆ ತಟ್ಟಿತು.

ನಾನು ಸಾಹೇಬರ ಕಡೆ ತಿರುಗಿದೆ. ಈ ಕ್ಷಣವನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. "ಸಾಹೇಬ್ರ, ನೀವು ಬರದಿದ್ದು ಖರೆ ಆತ್ರಿ. ದೇವದುರ್ಗ, ತಪಾಸಣಾ ವಹಿ, ಪುಟ ನಲವತ್ತೊಂದು. ಆತುರ ಹೆಚ್ಚು, ತಾಳೆ ನೋಡುವ ಅಭ್ಯಾಸ ಬೆಳೆಸಿಕೊಳ್ಳತಕ್ಕದ್ದು."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಂಗ ಬರದಿದ್ನೇನು? ಗಣಿತದ ಮಾಸ್ತರ್ರಿಗೆಲ್ಲಾ ಅದನ್ನ ಬರೀತಿದ್ದೆ ಯಪ್ಪಾ. ಕನ್ನಡದವ್ರಿಗೆ 'ಅಕ್ಷರ ದುಂಡಗಾಗತಕ್ಕದ್ದು' ಅಂತ ಬರೀತಿದ್ದೆ. ದಿನಕ್ಕ ನಾಲ್ಕು ಸಾಲಿ ನೋಡಬೇಕಿತ್ತು, ಹೊಸಾದು ಎಲ್ಲಿಂದ ತರೂದು?"

"ಮತ್ತ ಆ 584111? ಅವಿಭಾಜ್ಯ ಅಂದಿದ್ರಿ. ಚಹಾ ಬಿಟ್ಟು ಹೋಗಿದ್ರಿ."

"ನನಗ ಆಗಿಂದ್ಲೂ ಸಕ್ಕರಿ ಬ್ಯಾನಿ. ಚಹಾ ಎಲ್ಲೂ ಕುಡೀತಿರ್ಲಿಲ್ಲ. ಅದು ಒಡೀತದೇನು? ಎಷ್ಟಕ್ಕ?"

"ಹನ್ನೊಂದಕ್ಕ್ರಿ."

ಅವರು ಬೆರಳ ಮೇಲೆ ಒಂದು ಬಿಟ್ಟು ಒಂದು ಅಂಕಿ ಎಣಿಸಿದರು. ಆ ಮುಖ ಅರಳಿತು. "ಹೋಗತದಲ್ಲ! ಛಲೋ ಅದಲ್ಲ ಇದು! ಆವಾಗ ಯಾಕ ಹೇಳ್ಲಿಲ್ಲ ಮಾಸ್ತರ?"

ಡೈರಿಯ ಮೊದಲ ಪುಟ ಆ ವರ್ಷದಿಂದ ಖಾಲಿ ಇದೆ.

ಕಾರ್ಯಕ್ರಮ ಮುಗಿದ ಮೇಲೆ ನಾನು ನಾಲ್ಕನೆಯ ಪತ್ರವನ್ನು ಬರೆದು, ಮೊದಲಿನ ಮೂರು ದೂರುಗಳನ್ನು ಹಿಂದಕ್ಕೆ ಪಡೆದೆ. ಮುಖ್ಯೋಪಾಧ್ಯಾಯರು ಅದನ್ನೂ ಕಡತಕ್ಕೆ ಸೇರಿಸಿದರು. ಬೀರುವನ್ನು ಹನುಮಂತ ಮತ್ತು ನಾನು ಸೇರಿಯೇ ಸರಿಸಿದೆವು. ಅದು ನಿಜಕ್ಕೂ ಬಹಳ ಭಾರವಾಗಿತ್ತು. ಮಹಿಬೂಬ ಏಣಿ ಹತ್ತಿ 584123 = 236 × 2221 ಎಂದು ಬರೆದ. ನಾನು ಕೆಳಗೆ ನಿಂತು ಅಭ್ಯಾಸಬಲದಿಂದ ಒಂಬತ್ತರ ತಾಳೆ ನೋಡಿದೆ, ಸರಿ ಬಂತು. ಒಂದು ಕ್ಷಣ ತಡೆದು, ಇಡೀ ಗುಣಾಕಾರವನ್ನು ಮಾಡಿದೆ.

"ಮಹಿಬೂಬ, ಮೂರು ಹಿಂದಕ್ಕ, ಆರು ಮುಂದಕ್ಕ."

"ಹಸಿ ಅದ, ಒರಸ್ತೀನ್ರಿ. ನಿಮ್ಮ ಹೆಸ್ರೂ ಅಳಸ್ಲೇನ್ರಿ ಮಾಸ್ತರ್ರೀ?"

"ಇರ್ಲಿ. ಅದರ ಹಿಂದ 'ತಪ್ಪಿದವರು' ಅಂತ ಸೇರ್ಸು. ಕೆಳಗ 'ತಿದ್ದಿದವರು ಹನುಮಂತ, ದೈಹಿಕ ಶಿಕ್ಷಕರು' ಅಂತ ಬರಿ. ಅಂಕಿ ಎಷ್ಟು ಉದ್ದ ಅದಾವ, ಹೆಸ್ರೂ ಅಷ್ಟ ಉದ್ದ ಬರ್ಲಿ."

ಗಡಿಯಾರವನ್ನು ಬಿಚ್ಚಿ ಹನುಮಂತರ ಕೈಗೆ ಕಟ್ಟಿದೆ. ಅವರು ಬೇಡವೆಂದರು, ನಾನು ಗೋಡೆಯ ಮೇಲೆ ಬರೆದು ಕೊಟ್ಟ ಮಾತೆಂದೆ. ಅವರು ಮುಳ್ಳುಗಳನ್ನು ನೋಡಿ, ತಮ್ಮ ಮೊಬೈಲನ್ನು ನೋಡಿ, ಮೆಲ್ಲಗೆ ಕೇಳಿದರು:

"ಸರ್, ಇದು ಐದು ನಿಮಿಷ ಮುಂದ ಅದ. ತಿದ್ದಲೇನ್ರಿ?"